ಅಂಗಳದಲ್ಲಿ ಸ್ನಾನ ಮಾಡುತ್ತಿದ್ದ ಅಬ್ಬ

ನಮ್ಮ ಅಬ್ಬ ತೀರಿಕೊಂಡದ್ದು 2024ರ ಜನವರಿಯಲ್ಲಿ, ಚಳಿ ಇನ್ನೂ ಬಿಡದ ಒಂದು ಬೆಳಗಿನ ಜಾವ. ರಾಮನಗರದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಮಯ್ಯತ್ತನ್ನು ಮಲಗಿಸಿತ್ತು. ಸ್ನಾನ ಮಾಡಿಸಿ ಕಫನ್ ಹೊದಿಸಿಯಾಗಿತ್ತು. ಗಂಡಸರು ಹೊರಗೆ ಶಾಮಿಯಾನದ ಕೆಳಗೆ ಕುಳಿತು ಜನಾಝಾದ ಹೊತ್ತಿಗಾಗಿ ಕಾಯುತ್ತಿದ್ದರು. ಆಗ ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು ಅಮ್ಮಿಯ ಪಕ್ಕಕ್ಕೆ ಸರಿದು ಕುಳಿತು, ಭುಜದ ಮೇಲೆ ಕೈಯಿಟ್ಟು, ‘ಮಹರ್ ಮಾಫ್ ಮಾಡಿದ್ದೇನೆ ಅಂತ ಹೇಳಿಬಿಡು ಮಗಳೇ, ಹೋಗುವವರು ಹಗುರವಾಗಿ ಹೋಗಲಿ’ ಎಂದರು.

ಮಹರ್ ಎಂದರೆ ನಿಕಾಹ್‌ನ ಹೊತ್ತಿಗೆ ಗಂಡ ಹೆಂಡತಿಗೆ ಕೊಡಬೇಕಾದ ಧನ. ಅದು ಅವಳ ಹಕ್ಕು, ಅವಳ ತಂದೆಯದಲ್ಲ, ಅತ್ತೆಯದಲ್ಲ. ಆದರೆ ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ಅದು ದಫ್ತರದಲ್ಲಿ ಬರೆದ ಒಂದು ಅಂಕಿಯಾಗಿಯೇ ಉಳಿದುಬಿಡುತ್ತದೆ. ಗಂಡ ಬದುಕಿರುವವರೆಗೂ ಯಾರೂ ಅದರ ಮಾತೆತ್ತುವುದಿಲ್ಲ. ಅವನು ಸತ್ತ ದಿನ ಹೆಂಡತಿಯನ್ನು ಹೆಣದ ಕಾಲಿನ ಬಳಿ ನಿಲ್ಲಿಸಿ ಮಾಫ್ ಮಾಡಿಸುತ್ತಾರೆ. ಆ ಹೊತ್ತಿನಲ್ಲಿ, ಅಷ್ಟು ಜನರೆದುರು, ‘ಇಲ್ಲ’ ಎನ್ನುವ ಹೆಣ್ಣು ಎಲ್ಲಿದ್ದಾಳೆ?

ಅಮ್ಮಿ ತಲೆಯೆತ್ತಿ ನೋಡಿದರು. ‘ಮಹರ್ ಎಂದೋ ಕೊಟ್ಟಾಗಿದೆ. ಮಾಫ್ ಮಾಡಲು ಏನೂ ಉಳಿದಿಲ್ಲ’ ಎಂದರು. ಆಮೇಲೆ ಒಂದು ಕ್ಷಣ ಬಿಟ್ಟು, ‘ಬಳೆಯ ಬಾಕಿ ಇದೆ. ಅದನ್ನು ನಾನು ಮಾಫ್ ಮಾಡುವುದಿಲ್ಲ. ಅಲ್ಲಿ ಸಿಕ್ಕಾಗ ಕೇಳುತ್ತೇನೆ’ ಎಂದರು.

ನಾವು ಮಕ್ಕಳು ಮುಖ ಮುಖ ನೋಡಿಕೊಂಡೆವು. ಮಹರ್ ಕೊಟ್ಟದ್ದೂ ನಮಗೆ ಗೊತ್ತಿರಲಿಲ್ಲ, ಬಳೆಯ ಬಾಕಿಯೂ ಗೊತ್ತಿರಲಿಲ್ಲ.

ನಾವು ಒಟ್ಟು ನಾಲ್ವರು. ದೊಡ್ಡಣ್ಣ, ಅವನ ಬೆನ್ನಿಗೆ ಇಬ್ಬರು ಹೆಣ್ಣುಮಕ್ಕಳು, ಕೊನೆಗೊಬ್ಬ ತಮ್ಮ. ಈ ಬರಹ ಕೆಳಗಿನ ಮೂವರದು. ಅಣ್ಣ ಬರೆಯಲು ಒಪ್ಪಲಿಲ್ಲ. ಆದರೆ ನಾವು ಬರೆದದ್ದನ್ನು ಓದಿ, ‘ನನ್ನ ವಿಷಯವನ್ನೂ ಮುಚ್ಚಿಡದೆ ಹಾಕಿ’ ಎಂದ. ಹಾಕಿದ್ದೇವೆ.

ಅಬ್ಬ ರೇಷ್ಮೆ ರೀಲರ್ ಆಗಿದ್ದರು. ರೇಷ್ಮೆ ಊರಿನವರಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ರೈತ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ಮಾರುಕಟ್ಟೆಗೆ ತರುತ್ತಾನೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ನಮ್ಮ ಊರಿನದು. ಅಲ್ಲಿ ರೀಲರ್ ಹರಾಜಿನಲ್ಲಿ ಗೂಡು ಕೊಂಡು ತಂದು, ಆವಿಯಲ್ಲಿ ಒಳಗಿನ ಹುಳುವನ್ನು ಕೊಂದು, ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆ ಹುಡುಕಿ ನೂಲು ತೆಗೆಯುತ್ತಾನೆ. ಒಂದು ಗೂಡಿನ ಎಳೆ ಬಿಚ್ಚಿದರೆ ಮುಕ್ಕಾಲು ಕಿಲೋಮೀಟರ್ ಆಸುಪಾಸು ಉದ್ದ ಬರುತ್ತದೆ. ಆದರೆ ಅದು ಕಣ್ಣಿಗೆ ಕಾಣದಷ್ಟು ತೆಳು. ಎಂಟೋ ಹತ್ತೋ ಗೂಡಿನ ಎಳೆಗಳನ್ನು ಒಟ್ಟು ಸೇರಿಸಿದರೆ ಒಂದು ನೂಲು. ಏಳೆಂಟು ಕೆಜಿ ಗೂಡು ಬಿಚ್ಚಿದರೆ ಒಂದು ಕೆಜಿ ನೂಲು. ಗೂಡಿನ ದುಡ್ಡು ರೈತನಿಗೆ ಅಂದೇ ಕೊಡಬೇಕು, ನೂಲಿನ ದುಡ್ಡು ಬರುವಾಗ ಬಂದೀತು. ಈ ನಡುವಿನ ದಿನಗಳಲ್ಲಿ ರೀಲರನ ಸಂಸಾರ ಸಾಲದ ಮೇಲೆ ನಡೆಯುತ್ತದೆ. ಸೀರೆಯ ಮಾತಾಡುವವರೆಲ್ಲ ನೇಕಾರನವರೆಗೆ ಬಂದು ನಿಲ್ಲುತ್ತಾರೆ. ಅವನ ಹಿಂದೆ ಕುದಿನೀರಿನಲ್ಲಿ ಬೆರಳದ್ದಿ ಕುಳಿತವನವರೆಗೆ ಬರುವವರು ಕಡಿಮೆ.

ಅಬ್ಬನ ಮದುವೆಯಾದದ್ದು 1975ರಲ್ಲಿ, ‘ಶೋಲೆ’ ಬಿಡುಗಡೆಯಾದ ವರ್ಷ. ಆ ಸಿನಿಮಾವನ್ನು ನಮ್ಮೂರಿನ ಬೆಟ್ಟದಲ್ಲಿ ತೆಗೆದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಊರಿನ ಪ್ರತಿ ಮನೆಯಲ್ಲೂ ಒಂದು ಶೋಲೆ ಕಥೆ ಇದೆ. ಒಬ್ಬರ ಅಜ್ಜ ಅಮ್ಜದ್ ಖಾನ್‌ಗೆ ಟೀ ಕೊಟ್ಟಿದ್ದಾರೆ, ಇನ್ನೊಬ್ಬರ ಮಾವ ಕುದುರೆಗೆ ಹುಲ್ಲು ಹಾಕಿದ್ದಾರೆ. ನಾವು ಚಿಕ್ಕವರಿದ್ದಾಗ ಅಬ್ಬನನ್ನು ಪೀಡಿಸುತ್ತಿದ್ದೆವು, ‘ನೀವೇನು ಮಾಡಿದಿರಿ?’ ಎಂದು. ‘ನಾನು ಚರಕದ ಮುಂದಿದ್ದೆ’ ಎನ್ನುತ್ತಿದ್ದರು, ಅಷ್ಟೇ. ಬೆಟ್ಟಕ್ಕೆ ಹೋಗಿ ನೋಡುವಷ್ಟು ಪುರುಸೊತ್ತೂ ಅವರಿಗೆ ಸಿಕ್ಕಿರಲಿಲ್ಲ.

ಆಗ ಅವರು ಇನ್ನೊಬ್ಬರ ಚರಕದಲ್ಲಿ ಕೂಲಿ. ಸ್ವಂತ ಲೈಸೆನ್ಸ್ ಆದದ್ದು 1981ರಲ್ಲಿ. ಚರಕಕ್ಕೆ ಇಬ್ಬರು ಬೇಕು. ಒಲೆಯ ಮೇಲಿನ ಬಟ್ಟಲಿನ ಮುಂದೆ ಒಬ್ಬರು ಕುಳಿತು ಕಡ್ಡಿಯಿಂದ ಗೂಡುಗಳನ್ನು ಆಡಿಸುತ್ತ ಎಳೆ ಹಿಡಿದು ಕೊಡಬೇಕು. ಇನ್ನೊಬ್ಬರು ಅತ್ತ ನಿಂತು ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ ಇರಬೇಕು. ಅಬ್ಬ ಬಟ್ಟಲಿನ ಮುಂದೆ, ಅಮ್ಮಿ ಚಕ್ರದ ಬಳಿ. ಮನೆಯ ಮುಂಭಾಗವೇ ಘಟಕ, ಹಿಂಭಾಗದಲ್ಲಿ ಅಡಿಗೆ, ಮಲಗುವುದು, ನಾವು. ನಮ್ಮ ಊರಿನ ಬಹುಪಾಲು ರೀಲರುಗಳ ಮನೆ ಹಾಗೆಯೇ ಇತ್ತು. ಹೊಗೆ, ಆವಿ, ಬೆಂದ ಹುಳುವಿನ ನಾತ, ಇವುಗಳ ನಡುವೆಯೇ ತೊಟ್ಟಿಲು ಕಟ್ಟುತ್ತಿದ್ದರು. ನಾವು ಮೂವರು ಆ ವಾಸನೆಯಲ್ಲೇ ಹುಟ್ಟಿದವರು. ಶಾಲೆಯಲ್ಲಿ ನಮ್ಮ ಬೆಂಚಿನಲ್ಲಿ ಕೂರಲು ಬೇರೆ ಮಕ್ಕಳು ಹಿಂಜರಿಯುವವರೆಗೂ ಅದು ವಾಸನೆಯೆಂದೇ ನಮಗೆ ಗೊತ್ತಿರಲಿಲ್ಲ.

ಮೂರನೆಯ ಹೆರಿಗೆಯ ನಂತರ, 1985ರ ಮಳೆಗಾಲದಲ್ಲಿ, ಅಮ್ಮಿಗೆ ದಮ್ಮು ಶುರುವಾಯಿತು. ರೀಲಿಂಗ್ ಮಾಡುವವರಲ್ಲಿ ದಮ್ಮು ಹೊಸದೇನಲ್ಲ. ಆವಿಯ ಜೊತೆಗೆ ರೇಷ್ಮೆಯ, ಹುಳುವಿನ ಸೂಕ್ಷ್ಮ ಕಣಗಳು ಎದೆಯೊಳಗೆ ಸೇರುತ್ತವೆ. ಕೆಲವರ ದೇಹ ಅದನ್ನು ತಡೆಯುವುದಿಲ್ಲ. ರಾತ್ರಿ ಗೋಡೆಗೆ ಒರಗಿ ಕುಳಿತು, ಬಾಯಿ ತೆರೆದು, ಉಸಿರನ್ನು ಹಗ್ಗದಂತೆ ಎಳೆಯುತ್ತಿದ್ದ ಅಮ್ಮಿಯೇ ನಮ್ಮ ಬಾಲ್ಯದ ಮೊದಲ ನೆನಪು. ಬೀದಿಯಲ್ಲಿ ಇನ್ನೂ ಐದಾರು ಹೆಂಗಸರು ಹಾಗೆ ಉಸಿರೆಳೆಯುತ್ತಿದ್ದರು. ಅವರು ಮಾತ್ರೆ ನುಂಗಿ ಮಾರನೆಯ ದಿನ ಚಕ್ರದ ಮುಂದೆ ನಿಲ್ಲುತ್ತಿದ್ದರು.

ಅಬ್ಬ ಎರಡು ವರ್ಷ ನೋಡಿದರು. ಡಾಕ್ಟರರೊಬ್ಬರು ‘ಈ ಕೆಲಸ ಬಿಡಿ, ಇಲ್ಲವೇ ಇವರನ್ನು ಇದರಿಂದ ದೂರ ಇಡಿ’ ಎಂದರಂತೆ. ಕೆಲಸ ಬಿಟ್ಟರೆ ತಿನ್ನುವುದೇನು? 1987ರಲ್ಲಿ ಅವರು ಮನೆಯ ಮುಂದಿನ ಒಲೆಯನ್ನು ಒಡೆದು ಹಾಕಿ, ಊರ ಹೊರಗೆ ಅರ್ಕಾವತಿಯ ಕಡೆಗೆ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದು ಚರಕವನ್ನು ಅಲ್ಲಿಗೆ ಸಾಗಿಸಿದರು. ಮನೆಯಲ್ಲೇ ಪುಕ್ಕಟೆ ಜಾಗವಿರುವಾಗ ಬಾಡಿಗೆ ಕೊಟ್ಟು ಶೆಡ್ ಹಿಡಿಯುವ ರೀಲರನನ್ನು ನಮ್ಮ ಬೀದಿ ಕಂಡಿರಲಿಲ್ಲ. ‘ಜೋರೂ ಕಾ ಗುಲಾಮ್’ ಎಂಬ ಬಿರುದು ಬಂತು. ಮಾರುಕಟ್ಟೆಯಲ್ಲಿ ಹರಾಜಿನ ನಡುವೆಯೂ ಹಾಗೆ ಕೂಗಿ ನಗುತ್ತಿದ್ದರಂತೆ. ಅಬ್ಬ ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳುತ್ತ, ಇದರಲ್ಲಿ ಎಷ್ಟು ನೂಲು ಬಂದೀತು ಎಂದು ಲೆಕ್ಕ ಹಾಕುವುದರಲ್ಲಿ ಇರುತ್ತಿದ್ದರಂತೆ.

ಅಂದಿನಿಂದ ಅಂಗಳದ ಸ್ನಾನ ಶುರುವಾಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಶೆಡ್ಡಿಗೆ ಹೋಗಿ ಒಲೆ ಹಚ್ಚುವ ಅಬ್ಬ ಮನೆಗೆ ಬರುವಾಗ ರಾತ್ರಿ ಎಂಟು, ಒಮ್ಮೊಮ್ಮೆ ಒಂಬತ್ತು. ಬಂದವರು ಬಾಗಿಲು ದಾಟುತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ಗೋಣಿಯ ಮರೆ ಕಟ್ಟಿ, ಒಂದು ಡ್ರಮ್ಮಿನಲ್ಲಿ ನೀರು ತುಂಬಿಸಿ ಇಟ್ಟಿರುತ್ತಿದ್ದೆವು. ಹಾಕಿದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ತಲೆಗೆ ಸೀಗೆಪುಡಿಯೋ ಸಾಬೂನೋ ಹಚ್ಚಿ ತಿಕ್ಕಿ ತಿಕ್ಕಿ ಸ್ನಾನ ಮಾಡುತ್ತಿದ್ದರು. ಹುಳುವಿನ ವಾಸನೆ ಕೂದಲಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಒಗೆದ ಲುಂಗಿ, ಬನಿಯನ್ ಹಾಕಿಕೊಂಡು, ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಕುಳಿತು, ಆಮೇಲೆ ಒಳಗೆ. ಡಿಸೆಂಬರ್ ಚಳಿಯಲ್ಲೂ ಅದೇ, ಜ್ವರ ಬಂದಾಗಲೂ ಅದೇ. ನೀರು ಕಾಯಿಸಿ ಕೊಡುತ್ತೇವೆಂದರೆ, ‘ದಿನವಿಡೀ ಬಿಸಿನೀರಿನಲ್ಲೇ ಇದ್ದೇನೆ, ಸಾಕು’ ಎನ್ನುತ್ತಿದ್ದರು. ಅವರ ಬಲಗೈ ಬೆರಳುಗಳ ತುದಿ ಬೆಂದು, ಸುಲಿದು, ಮತ್ತೆ ಬೆಂದು, ಚರ್ಮವೇ ಬೇರೆ ಬಣ್ಣಕ್ಕೆ ತಿರುಗಿತ್ತು. ಊಟದ ಸಾರು ಖಾರವಾದರೆ ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದರು.

ಇದನ್ನೆಲ್ಲ ಈಗ ಪ್ರೀತಿಯಿಂದ ಬರೆಯುತ್ತಿದ್ದೇವೆ. ಆಗ ನಮಗೆ ಹಾಗನಿಸಿರಲಿಲ್ಲ ಎಂಬುದನ್ನೂ ಬರೆಯಬೇಕು. ನಮಗೆ ಅವರು ಮನೆಯೊಳಗೆ ಬರಲು ಒಲ್ಲದ ಮನುಷ್ಯನ ಹಾಗೆ ಕಾಣುತ್ತಿದ್ದರು. ಬೇರೆಯವರ ಅಬ್ಬಂದಿರು ಬಾಗಿಲಲ್ಲೇ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು. ನಮ್ಮವರು ‘ದೂರ, ದೂರ’ ಎಂದು ಕೈ ಬೀಸುತ್ತಿದ್ದರು. ಸ್ನಾನವಾಗಿ ಒಳಗೆ ಬರುವಷ್ಟರಲ್ಲಿ ನಾವು ನಿದ್ದೆಗಣ್ಣಿನಲ್ಲಿರುತ್ತಿದ್ದೆವು. ಮಾತು ಕಡಿಮೆ, ಸಿಟ್ಟು ಮೂಗಿನ ಮೇಲೆ. ನೂಲಿನ ಬೆಲೆ ಬಿದ್ದ ಒಂದು ದಿನ ಅನ್ನದ ತಟ್ಟೆಯನ್ನು ಅಂಗಳಕ್ಕೆ ಎಸೆದದ್ದು ನೆನಪಿದೆ. ಎಸೆದವರು ತಾವೇ ಹೋಗಿ ಕತ್ತಲಲ್ಲಿ ಅಗುಳು ಆರಿಸಿದರು. ಅಮ್ಮಿ ಒಂದು ಮಾತೂ ಆಡಲಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಹಿತವಾದ ಮಾತಾಡಿದ್ದನ್ನು ನಾವು ಕೇಳಿದ್ದು ಕಡಿಮೆ. ಆದರೆ ಗೂಡನ್ನು ಕಿವಿಗಿಟ್ಟು ಕೇಳುತ್ತಿದ್ದ ಅಬ್ಬ, ಕಟ್ಟೆಯ ಮೇಲೆ ಗಾಳಿಗೆ ಕುಳಿತಾಗ ಒಳಗಿನ ಉಸಿರನ್ನು ಕೇಳುತ್ತಿದ್ದರು. ‘ಇವತ್ತು ಮಾತ್ರೆ ನುಂಗಿಲ್ಲ ಅಲ್ಲವಾ?’ ಎಂದು ಹೊರಗಿನಿಂದಲೇ ಕೇಳುತ್ತಿದ್ದರು. ಅದು ತಪ್ಪಿದ್ದು ಅಪರೂಪ.

ಇನ್ನು ಅಣ್ಣನ ವಿಷಯ. ಅಮ್ಮಿ ಚಕ್ರ ಬಿಟ್ಟ ಮೇಲೆ ಅದನ್ನು ತಿರುಗಿಸುವವರು ಬೇಕಲ್ಲ. ಮೊದಲು ಕೂಲಿಯವನನ್ನು ಇಟ್ಟರು. ಶೆಡ್ಡಿನ ಬಾಡಿಗೆ, ಕೂಲಿ, ಅಮ್ಮಿಯ ಔಷಧಿ, ಮೂರೂ ಒಟ್ಟಿಗೆ ನಡೆಯಲಿಲ್ಲ. 1989ರಲ್ಲಿ ಅಣ್ಣ ಏಳನೆಯ ತರಗತಿ ಮುಗಿಸಿದ್ದ. ಹನ್ನೆರಡು ವರ್ಷ. ಲೆಕ್ಕದಲ್ಲಿ ತರಗತಿಗೇ ಮುಂದು. ಬೇಸಿಗೆ ರಜೆಯಲ್ಲಿ ‘ಎರಡು ತಿಂಗಳು ಕೈಗೂಡಿಸು’ ಎಂದು ಶೆಡ್ಡಿಗೆ ಕರೆದೊಯ್ದರು. ಜೂನ್ ಬಂತು, ಶಾಲೆ ತೆರೆಯಿತು, ಅಣ್ಣ ಚಕ್ರ ತಿರುಗಿಸುತ್ತಲೇ ಇದ್ದ. ಎರಡು ವರ್ಷ ಹಾಗೆ ನಡೆಯಿತು. 1991ರಲ್ಲಿ ಸಾಲ ಮಾಡಿ ಮೋಟಾರಿನ ಕಾಟೇಜ್ ಬೇಸಿನ್ ಹಾಕಿಸಿದ ಮೇಲೆ ಚಕ್ರಕ್ಕೆ ಕೈ ಬೇಡವಾಯಿತು. ‘ಈಗ ಶಾಲೆಗೆ ಹೋಗು’ ಎಂದರು ಅಬ್ಬ. ಹದಿನಾಲ್ಕು ವರ್ಷದ ಹುಡುಗ ತನ್ನ ತಮ್ಮಂದಿರ ವಯಸ್ಸಿನವರ ಜೊತೆ ಎಂಟನೆಯ ತರಗತಿಯಲ್ಲಿ ಹೇಗೆ ಕೂರುತ್ತಾನೆ? ಅಣ್ಣ ಹೋಗಲಿಲ್ಲ. ಸ್ಕೂಟರ್ ಗ್ಯಾರೇಜಿಗೆ ಸೇರಿದ. ಈಗ ಬೆಂಗಳೂರಿನಲ್ಲಿ ಅವನದೇ ಗ್ಯಾರೇಜಿದೆ, ಚೆನ್ನಾಗಿದ್ದಾನೆ. ಆದರೆ ಕೆಳಗಿನ ನಾವು ಮೂವರು ಓದಿದೆವು, ಇಬ್ಬರು ಡಿಗ್ರಿ ಮಾಡಿದೆವು. ಅಮ್ಮಿಯ ಉಸಿರಿನ ಬೆಲೆಯನ್ನು ಅಬ್ಬ ಒಬ್ಬರೇ ತೆರಲಿಲ್ಲ.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಬಗ್ಗೆ ವರದಿ ಹೊರಡಿಸಿತು. ಕರ್ನಾಟಕದ ಹೆಸರೂ ಅದರಲ್ಲಿತ್ತು. ಊರಿನಲ್ಲಿ ಅದರದೇ ಮಾತು, ಬಹಳಷ್ಟು ಸಿಟ್ಟಿನ ಮಾತು. ಹೊರಗಿನವರು ಬಂದು ನಮ್ಮ ಹೊಟ್ಟೆಗೆ ಹೊಡೆಯುತ್ತಿದ್ದಾರೆ ಎಂದು ಕೆಲವರು. ಆ ಸುದ್ದಿಯಿದ್ದ ಪತ್ರಿಕೆಯನ್ನು ಅಬ್ಬ ನಮ್ಮಿಂದ ಓದಿಸಿಕೊಂಡರು. ಕುದಿನೀರು, ಬೆಂದ ಬೆರಳು, ಶಾಲೆ ಬಿಟ್ಟ ಮಕ್ಕಳು. ಓದಿ ಮುಗಿಸಿದಾಗ ಬೈಯುತ್ತಾರೆಂದು ಕಾದೆವು. ‘ಸುಳ್ಳೇನೂ ಬರೆದಿಲ್ಲ’ ಎಂದು ಎದ್ದುಹೋದರು. ಅಣ್ಣನೆದುರು ಮಾತ್ರ ಆ ಮಾತನ್ನು ಅವರು ಎಂದೂ ಆಡಲಿಲ್ಲ. ಆಡಬೇಕಿತ್ತು.

ಹೈದರಾಬಾದಿನ ಮೀನಿನ ಕಥೆ ಹೇಳದಿದ್ದರೆ ಅಮ್ಮಿ ನಮ್ಮನ್ನು ಬಿಡುವುದಿಲ್ಲ. ಅಲ್ಲಿ ಬತ್ತಿನಿ ಗೌಡ್ ಮನೆತನದವರು ಪ್ರತಿ ವರ್ಷ ಜೂನ್‌ನಲ್ಲಿ, ಮೃಗಶಿರ ಮಳೆ ಹುಟ್ಟುವ ದಿನ, ದಮ್ಮಿನವರಿಗೆ ಮೀನಿನ ಮದ್ದು ಕೊಡುತ್ತಾರೆ. ಬೆರಳುದ್ದದ ಜೀವಂತ ಕೊರವ ಮೀನಿನ ಬಾಯಿಗೆ ಹಳದಿ ಬಣ್ಣದ ಮದ್ದನ್ನು ತುಂಬಿ, ಮೀನನ್ನು ಹಾಗೆಯೇ ನುಂಗಿಸುತ್ತಾರೆ. ಮದ್ದಿಗೆ ಕಾಸಿಲ್ಲ. ಸತತ ಮೂರು ವರ್ಷ ತಗೊಳ್ಳಬೇಕು, ಪ್ರತಿ ಸಲ ನಲವತ್ತೈದು ದಿನ ಪಥ್ಯ. 1993ರಿಂದ ಮೂರು ವರ್ಷ ಅಬ್ಬ ಬೇಸಿನ್ ನಿಲ್ಲಿಸಿ ಅಮ್ಮಿಯನ್ನು ರೈಲು ಹತ್ತಿಸಿಕೊಂಡು ಹೋದರು. ವರ್ಷಕ್ಕೆ ಎರಡು ಈದ್ ಬಿಟ್ಟರೆ ಒಲೆ ಆರಿಸದ ಮನುಷ್ಯ ನಾಲ್ಕು ದಿನ ಒಲೆ ಆರಿಸಿದ್ದರು. ನೂಕುನುಗ್ಗಲಿನಲ್ಲಿ ಗಂಟೆಗಟ್ಟಲೆ ನಿಂತು, ಅಮ್ಮಿಯ ಸರದಿ ಬಂದಾಗ ಮೀನು ಗಂಟಲಲ್ಲಿ ಒದ್ದಾಡಿತಂತೆ. ಅಮ್ಮಿ ಕಣ್ಣು ಕಣ್ಣು ಬಿಡುವುದನ್ನು ನೋಡಿ ಅಬ್ಬ ಗಟ್ಟಿಯಾಗಿ ನಕ್ಕರಂತೆ. ‘ನಿಮ್ಮ ಅಬ್ಬ ಬಾಯ್ತುಂಬ ನಕ್ಕದ್ದನ್ನು ನಾನು ಅಲ್ಲೇ ನೋಡಿದ್ದು’ ಎಂದು ಅಮ್ಮಿ ಹೇಳುತ್ತಾರೆ. ಮೂರನೆಯ ವರ್ಷ ವಾಪಸಾಗುವಾಗ ಚಾರ್‌ಮಿನಾರ್ ಬಳಿ ಗಾಜಿನ ಬಳೆ ಕೊಡಿಸಿದ್ದರು. ಆ ಮದ್ದನ್ನು ವೈದ್ಯರು ಒಪ್ಪುವುದಿಲ್ಲ, ನಾವೂ ಯಾರಿಗೂ ಹೇಳುವುದಿಲ್ಲ. ಅಮ್ಮಿಯ ಉಸಿರು ನಿಜವಾಗಿ ಹದಕ್ಕೆ ಬಂದದ್ದು ಇನ್‌ಹೇಲರ್ ಹಿಡಿದ ಮೇಲೆ. ಆದರೆ ಆ ಮೂರು ಪ್ರಯಾಣಗಳೇ ಅವರಿಬ್ಬರ ಸಂಸಾರದ ತಿರುಗಾಟ. ಬೇರೆ ಎಲ್ಲಿಗೂ ಹೋದವರಲ್ಲ.

2011ರ ಕೇಂದ್ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲಿನೆದುರು ನಮ್ಮ ನೂಲು ಕೇಳುವವರಿಲ್ಲದಂತಾಯಿತು. ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದರು. ದುಬಾರಿ ಗೂಡಿನಿಂದ ತೆಗೆದ ನೂಲನ್ನು ಕೈಯಲ್ಲಿ ಇಟ್ಟುಕೊಂಡಿದ್ದ ರೀಲರುಗಳ ಗತಿಯನ್ನು ಕೇಳಬೇಕೇ? 2013ರ ಬಜೆಟ್ಟಿನಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಅಷ್ಟರಲ್ಲಿ ಅಬ್ಬನ ಬೇಸಿನ್ ನಿಂತಿತ್ತು. ಅಮ್ಮಿ ತಮ್ಮ ಚಿನ್ನದ ಬಳೆ ಬಿಚ್ಚಿಕೊಟ್ಟದ್ದು ಆಗಲೇ ಎಂದು ನಮಗೆ ಗೊತ್ತಾದದ್ದು ಅವರು ಸತ್ತ ದಿನ. ಬಳೆ ಎಲ್ಲಿ ಎಂದು ಕೇಳಿದರೆ ಅಮ್ಮಿ, ‘ಕೈ ಊದಿಕೊಳ್ಳುತ್ತದೆ, ಎತ್ತಿಟ್ಟಿದ್ದೇನೆ’ ಎನ್ನುತ್ತಿದ್ದರು.

ಶೆಡ್ ಖಾಲಿ ಮಾಡಿ, ಹುರಿಮಾಡುವ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಕುಳಿತ ಮೇಲೆ ಅಬ್ಬನ ಮೈಯಲ್ಲಿ ಹುಳುವಿನ ವಾಸನೆ ಇರಲಿಲ್ಲ. ಆದರೂ ಅಂಗಳದಲ್ಲೇ ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಅಷ್ಟರಲ್ಲಿ ಒಳಗೆ ಬಚ್ಚಲು ಕಟ್ಟಿಸಿದ್ದೆವು, ಗೀಸರ್ ಹಾಕಿಸಿದ್ದೆವು. ಒಂದು ದಿನವೂ ಅದರಲ್ಲಿ ಅವರು ಸ್ನಾನ ಮಾಡಲಿಲ್ಲ. ಒಳಗೆ ಅವರಿಗೆ ಮೊದಲ ಸಲ ಸ್ನಾನ ಮಾಡಿಸಿದ್ದು ನಾವೇ, ಆ ಜನವರಿಯ ಬೆಳಿಗ್ಗೆ.

ಜನಾಝಾ ನಮಾಝಿಗೆ ಮೊದಲು ಮಗನಾದವನು ನಿಂತು, ‘ನಮ್ಮ ತಂದೆ ಯಾರಿಗಾದರೂ ಬಾಕಿ ಕೊಡುವುದಿದ್ದರೆ ನನ್ನನ್ನು ಕೇಳಿ, ನಾನು ಜವಾಬ್ದಾರ’ ಎಂದು ಹೇಳುವ ಪದ್ಧತಿ ಇದೆ. ಸತ್ತವರ ಸಾಲ ತೀರಿದ ಮೇಲೆಯೇ ಆಸ್ತಿಯ ಪಾಲು. ಅಣ್ಣ ನಿಂತ. ಅವನು ಅಬ್ಬನ ಜೊತೆ ಮನಬಿಚ್ಚಿ ಮಾತಾಡಿ ಎಷ್ಟೋ ವರ್ಷಗಳಾಗಿದ್ದವು. ಗಟ್ಟಿ ದನಿಯಲ್ಲೇ ಹೇಳಿದ. ಯಾರೂ ಮುಂದೆ ಬರಲಿಲ್ಲ. ಸೌದೆ ಅಂಗಡಿಯವರೊಬ್ಬರು ಮಾತ್ರ ಬಂದು, ‘ಅವರಿಗೇ ನಾನು ನೂರೈವತ್ತು ಕೊಡಬೇಕಿತ್ತು’ ಎಂದು ಅಣ್ಣನ ಕೈಗೆ ತುರುಕಿ ಹೋದರು.

ಮಹರಿನ ಕಥೆಯನ್ನು ಅಮ್ಮಿ ಇದ್ದತ್ತಿನ ದಿನಗಳಲ್ಲಿ ಹೇಳಿದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ‘ಇದೇನು ಹೊಸದಾ, ಅವರಿದ್ದಾಗ ನಾನೇನು ಪೇಟೆ ಸುತ್ತುತ್ತಿದ್ದೆನಾ?’ ಎಂದು ನಗುತ್ತಿದ್ದರು. ಮದುವೆಯಲ್ಲಿ ಬರೆದ ಮಹರ್ 1,001 ರೂಪಾಯಿ. 1981ರಲ್ಲಿ ಸ್ವಂತ ಲೈಸೆನ್ಸಿನ ಮೊದಲ ನೂಲು ಮಾರಿದ ದಿನ ಅಬ್ಬ ಹತ್ತು ರೂಪಾಯಿಯ ನೋಟುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಂದು, ಮೇಲಿನ ಒಂದು ರೂಪಾಯಿ ಸಹಿತ ಎಣಿಸಿ ಕೊಟ್ಟರಂತೆ. ಈಗ ಯಾಕೆ, ಗೂಡು ಕೊಳ್ಳಲು ಇಟ್ಟುಕೊಳ್ಳಿ ಎಂದರೆ, ‘ಸತ್ತು ಮಲಗಿ ನಿನ್ನಿಂದ ಮಾಫಿ ಕೇಳಲು ನನಗಾಗುವುದಿಲ್ಲ’ ಎಂದರಂತೆ. ನಮ್ಮ ಅಜ್ಜಿಯನ್ನು ಹಾಗೆ ನಿಲ್ಲಿಸಿ ಮಾಫ್ ಮಾಡಿಸಿದ್ದನ್ನು ಅವರು ಚಿಕ್ಕವರಿದ್ದಾಗ ನೋಡಿದ್ದರಂತೆ. ಆ ದುಡ್ಡಿನಲ್ಲಿ ಅಮ್ಮಿ ಹೊಲಿಗೆ ಮಿಷನ್ ಕೊಂಡರು. ನಮ್ಮ ಶಾಲೆಯ ಸಮವಸ್ತ್ರಗಳೆಲ್ಲ ಅದರಲ್ಲೇ ಹೊಲಿದವು.

ಇದ್ದತ್ತು ಮುಗಿದ ಮೇಲೆ ಅಬ್ಬನ ತಗಡಿನ ಪೆಟ್ಟಿಗೆ ತೆರೆದೆವು. ಲೈಸೆನ್ಸಿನ ಪಾಸ್‌ಬುಕ್ಕು, ಮಾರುಕಟ್ಟೆಯ ಚೀಟಿಗಳು, ಉದ್ದನೆಯ ಒಂದು ಲೆಕ್ಕದ ಪುಸ್ತಕ. ಬಟ್ಟೆಯ ರಟ್ಟು, ಅಂಚು ಆವಿಗೆ ಉಬ್ಬಿತ್ತು. ಗೂಡಿನವರು, ಸೌದೆಯವರು, ಬಡ್ಡಿಯವರು, ಎಲ್ಲರ ಹೆಸರಿನ ಮುಂದೆಯೂ ಅಡ್ಡಗೆರೆ ಬಿದ್ದಿತ್ತು. ನಡುವೆ ಒಂದು ಪುಟದಲ್ಲಿ ಅಮ್ಮಿಯ ಹೆಸರು, ಬೇರೆ ಸಾಲಗಾರರ ಹೆಸರಿನ ಹಾಗೆಯೇ. ‘2011, ಬಳೆ 2, 24 ಗ್ರಾಂ.’ ಅದರ ಕೆಳಗೆ 2014ರಲ್ಲಿ ಸರ 8 ಗ್ರಾಂ, 2018ರಲ್ಲಿ ಉಂಗುರ 4 ಗ್ರಾಂ. ಬಾಕಿ 12. ಅಣ್ಣ ಆ ಹನ್ನೆರಡು ಗ್ರಾಂ ತಂದುಕೊಡುತ್ತೇನೆಂದ. ‘ಸಾಲ ತಗೊಂಡವನು ನೀನಲ್ಲ’ ಎಂದರು ಅಮ್ಮಿ.

ಅದರ ಹಿಂದಿನ ಪುಟಗಳನ್ನು ತಿರುವಿದಾಗ ಇನ್ನೊಂದು ಹೆಸರು ಸಿಕ್ಕಿತು. ಅಣ್ಣನದು. 1989ರ ಏಪ್ರಿಲ್‌ನಿಂದ, ದಿನಕ್ಕೊಂದು ಗೀಟು, ತಿಂಗಳಿಗೊಂದು ಮೊತ್ತ. ‘ಚಕ್ರದ ಕೂಲಿ, ದಿನಕ್ಕೆ 5.’ ಕೊನೆಯಲ್ಲಿ ‘563 ದಿನ, 2,815.’ ಮುಂದೆ ಅಡ್ಡಗೆರೆ ಇರಲಿಲ್ಲ.

ಜನರೆದುರು ನಿಂತು, ನಮ್ಮ ತಂದೆ ಯಾರಿಗೆ ಬಾಕಿ ಕೊಡಬೇಕೋ ನನ್ನನ್ನು ಕೇಳಿ ಎಂದವನು ಅವನೇ. ನಾವು ಅವನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅಣ್ಣ, ‘ಬರೆದಿಟ್ಟರೆ ಎಂಟನೇ ಕ್ಲಾಸು ವಾಪಸ್ ಬರುತ್ತದಾ?’ ಎಂದ. ಯಾರೂ ಉತ್ತರ ಕೊಡಲಿಲ್ಲ. ಅವನು ಬೆರಳಿಟ್ಟು ಗೀಟುಗಳನ್ನು ಎಣಿಸತೊಡಗಿದ. ಎಣಿಸಿ, ‘ಲೆಕ್ಕ ತಪ್ಪಿದೆ. ಎರಡನೇ ವರ್ಷ ರಮಝಾನಿಗೆ ಮೊದಲು ಒಂದು ವಾರ ಬಿಟ್ಟಿದ್ದಾರೆ. ನಾನು ಒಂದು ದಿನವೂ ತಪ್ಪಿಸಿದವನಲ್ಲ’ ಎಂದ.

ಅಮ್ಮಿ ಮಂಚದ ಮೇಲಿಂದಲೇ ಹೇಳಿದರು: ‘ಅವರು ಲೆಕ್ಕ ತಪ್ಪುವವರಲ್ಲ. ಆ ವಾರ ನಿನಗೆ ಜ್ವರ. ನಿನ್ನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಾಡಿದರು. ಚರಕ ತಿರುಗಲೇ ಇಲ್ಲ.’

ಅಣ್ಣನಿಗೆ ಆ ಜ್ವರದ ನೆನಪಿಲ್ಲ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಗೀಟಿನಿಂದ ಇನ್ನೊಮ್ಮೆ ಎಣಿಸತೊಡಗಿದ.